ಹಿಮದ ಸೀಮೆಗೆ ಹೊರಟ ಗಾಡಿಯ ನೀರು



ಹೊಸಪೇಟೆ, ಸಂಡೂರು, ಕಂಪ್ಲಿಯವರಿಗೆ ನೀರು ಹೆಪ್ಪುಗಟ್ಟುವ ಮಾತು ಏತಕ್ಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನಮ್ಮಲ್ಲಿ ಚಳಿ ಎಂದರೆ ಧನುರ್ಮಾಸದ ಬೆಳಗಿನ ಜಾವ. ಅದಕ್ಕೂ ಹೆಚ್ಚಿನದು ಬೇಕೆಂದರೆ ಸಂಡೂರಿನ ರಾಮಗಡ. ಬಳ್ಳಾರಿಯ ಬಿಸಿಲು ತಾಳದ ಬ್ರಿಟಿಷ್ ಸೈನಿಕರು ಚೇತರಿಸಿಕೊಳ್ಳಲು ಹತ್ತುತ್ತಿದ್ದ ಬೆಟ್ಟ ಅದು. ಅಲ್ಲಿಯೂ ನೀರು ಗಡ್ಡೆ ಕಟ್ಟುವಷ್ಟು ಚಳಿ ಬೀಳುವುದಿಲ್ಲ. ಹಾಗಾಗಿ ನಾವು ಮನೆ ಕಟ್ಟಿದರೆ ಪೈಪನ್ನು ಗೋಡೆಯ ಹೊರಮೈಗೆ ಬಡಿದು, ಮಾಳಿಗೆಯ ಮೇಲೆ ಹಾಯಿಸಿ, ಬಿಸಿಲಿಗೆ ಬಿಟ್ಟು ನಿಶ್ಚಿಂತೆಯಿಂದ ಇರುತ್ತೇವೆ. ಅದೇ ಕೈ, ಅದೇ ರೂಢಿಯಲ್ಲಿ ಈಗ ಗಾಡಿಗಳಿಗೂ ಪೈಪು ಹಾಕುತ್ತಿದೆ. ನನ್ನ ಚಿಂತೆ ಅದರದ್ದೇ.

ಈಚಿನ ವರ್ಷಗಳಲ್ಲಿ ಟೆಂಪೊ ಟ್ರಾವೆಲರ್‌ಗಳನ್ನೂ ವ್ಯಾನ್‌ಗಳನ್ನೂ ಕೊಂಡು, ಒಳಗೆ ಮಂಚ, ಒಲೆ, ಸಿಂಕು, ನೀರಿನ ಟ್ಯಾಂಕು ಕೂರಿಸಿ, ಸಂಸಾರ ಸಮೇತ ಉತ್ತರಕ್ಕೆ ಹೊರಡುವವರು ಹೆಚ್ಚುತ್ತಿದ್ದಾರೆ. ಕೆಲವರು ಬೆಂಗಳೂರಿನಲ್ಲಿ ಸಿದ್ಧವಾದ ಕ್ಯಾರವಾನನ್ನೇ ಬಾಡಿಗೆಗೆ ತರುತ್ತಾರೆ. ಕಂಪ್ಲಿ ಕಡೆಯವರು ಸುಗ್ಗಿಗೆ ಮುಂಚೆ ಬದರೀನಾಥಕ್ಕೆ ಹೋಗಿಬರೋಣ ಎನ್ನುತ್ತಾರೆ. ಸಂಡೂರಿನ ಹುಡುಗರಿಗೆ ಸ್ಪಿತಿ, ಲಡಾಖ್ ಬೇಕು. 2020ರ ಅಕ್ಟೋಬರ್ 3ರಂದು ಮನಾಲಿಯ ಮೇಲೆ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲಿಯೂ ಲಾಹೌಲ್ ಕಣಿವೆಗೆ ಗಾಡಿ ದಾಟುತ್ತಿದೆ. ಕೆಎ-35 ನಂಬರಿನ ಗಾಡಿ ಹಿಮದಲ್ಲಿ ನಿಂತ ಫೋಟೊ ನೋಡಿದರೆ ನನಗೂ ಹಿಗ್ಗಾಗುತ್ತದೆ. ಅದರ ಜೊತೆಗೇ, ಆ ಗಾಡಿಯ ಪೈಪಿನೊಳಗಿನ ನೀರು ಈಗ ಏನಾಗಿರಬಹುದು ಎಂಬ ಯೋಚನೆಯೂ ಬರುತ್ತದೆ.

ಎತ್ತರದ ಲೆಕ್ಕ ಸರಳ. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಸುಮಾರು ಆರೂವರೆ ಡಿಗ್ರಿ ಶಾಖ ಇಳಿಯುತ್ತದೆ. ಹೊಸಪೇಟೆ ಸಮುದ್ರಮಟ್ಟದಿಂದ ಐನೂರು ಮೀಟರಿನ ಒಳಗಿದೆ, ಬದರೀನಾಥ ಸುಮಾರು 3,100 ಮೀಟರ್ ಮೇಲಿದೆ. ಎತ್ತರವೊಂದೇ ಹದಿನೇಳು ಡಿಗ್ರಿಯನ್ನು ಕಿತ್ತುಕೊಳ್ಳುತ್ತದೆ, ಉತ್ತರಕ್ಕೆ ಸರಿದದ್ದರ ಚಳಿ ಬೇರೆ. ಬದರಿಯ ಗುಡಿ ನವೆಂಬರಿನಲ್ಲಿ ಬಾಗಿಲು ಹಾಕುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ, ದೀಪಾವಳಿಯ ರಜೆ ನೋಡಿಕೊಂಡು ಹೋದವರಿಗೆ ಹಗಲು ಹಿತವಾದ ಬಿಸಿಲು ಇರುತ್ತದೆ, ರಾತ್ರಿ ಸೊನ್ನೆಯ ಕೆಳಗೆ ಇಳಿಯುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್ ಎಂಬ ಕಡುಚಳಿಯ ಕಾಲ. ಆಗ ಶ್ರೀನಗರದ ಮನೆಗಳ ನಲ್ಲಿಗಳೇ ಬೆಳಿಗ್ಗೆ ಕಟ್ಟಿಕೊಂಡಿರುತ್ತವೆ. ಲೇಹ್‌ನಲ್ಲಿ ಜನವರಿಯ ರಾತ್ರಿ ಮೈನಸ್ ಹದಿನೈದರ ಆಸುಪಾಸು ಮಾಮೂಲು.

ನೀರಿನ ಬಲ ನಮ್ಮವರಿಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾದಾಗ ಹೊಳೆದಂಡೆಯ ಊರುಗಳು ನಿದ್ದೆಗೆಟ್ಟು ಕೂತಿದ್ದವು. ಅದು ಹರಿಯುವ ನೀರಿನ ಬಲ. ನಿಂತಲ್ಲೇ ನಿಂತ, ಒಂದು ಲೋಟದಷ್ಟೇ ಇರುವ ನೀರಿಗೂ ಬೇರೊಂದು ಬಲವಿದೆ, ಅದನ್ನು ನಾವು ನಮ್ಮೂರಿನಲ್ಲಿ ಕಂಡಿಲ್ಲ. ಹೆಚ್ಚಿನ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ನೀರು ಹಿಗ್ಗುತ್ತದೆ. ನೂರು ಲೀಟರ್ ನೀರು ಮಂಜುಗಡ್ಡೆಯಾದರೆ ನೂರೊಂಬತ್ತು ಲೀಟರಿನ ಜಾಗ ಕೇಳುತ್ತದೆ. ಆ ಜಾಗ ಕೊಡದಿದ್ದರೆ ಕಲ್ಲನ್ನಾದರೂ ಸೀಳುತ್ತದೆ. ಹಂಪಿಯ ಬಂಡೆಗಳು ಬಿಸಿಲು ಮಳೆಗೆ ಪದರ ಪದರವಾಗಿ ಕಳಚಿ ಗುಂಡಗಾಗಿ ಕೂತಿವೆ. ಸ್ಪಿತಿಯ ಬೆಟ್ಟಗಳ ಬುಡದಲ್ಲಿ ಚೂಪಾದ ಕಲ್ಲಿನ ಚೂರುಗಳು ರಾಶಿ ರಾಶಿ ಬಿದ್ದಿರುತ್ತವೆ. ಹಗಲು ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಒಡೆದು ಹಾಕಿದ ಕಲ್ಲುಗಳು ಅವು. ಕಲ್ಲಿನ ಗತಿಯೇ ಹೀಗಾದರೆ ಪ್ಲಾಸ್ಟಿಕ್ ಎಲ್ಬೋ ಎಷ್ಟು ಹೊತ್ತು ತಾಳೀತು?

ಆದರೆ ಪೈಪು ಒಡೆಯುವ ಬಗೆಯನ್ನು ಸರಿಯಾಗಿ ತಿಳಿಯಬೇಕು. ಗಡ್ಡೆ ಎಲ್ಲಿ ಕಟ್ಟಿತೋ ಅಲ್ಲೇ ಒಡೆಯುತ್ತದೆ ಎಂದುಕೊಳ್ಳುತ್ತೇವೆ. ಬಹಳ ಸಲ ಹಾಗಾಗುವುದಿಲ್ಲ. ಪೈಪಿನ ನಡುವೆ ಎಲ್ಲೋ ಗಡ್ಡೆ ಕಟ್ಟಿ ಬಿರಡೆಯಂತೆ ಕೂರುತ್ತದೆ. ಅದು ಉದ್ದಕ್ಕೆ ಬೆಳೆಯುತ್ತಾ ಹೋದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರಿ ಏರಿ, ಆ ತುಂಡಿನಲ್ಲಿ ಎಲ್ಲಿ ಬಲಹೀನವೋ ಅಲ್ಲಿ ಸಿಡಿಯುತ್ತದೆ. ಅದು ಜೋಡಣೆಯ ಕಡೆ ಇರಬಹುದು, ಫಿಲ್ಟರಿನ ಬಟ್ಟಲು ಇರಬಹುದು, ಪಂಪಿನ ತಲೆ ಇರಬಹುದು. ನಲ್ಲಿ ತೆರೆದಿದ್ದರೆ ಆ ಒತ್ತಡಕ್ಕೆ ದಾರಿ ಸಿಗುತ್ತದೆ. ಚಳಿಯೂರಿನವರು ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುವುದು ಇದಕ್ಕೇ. ಇಷ್ಟಿಷ್ಟೇ ನೀರು ಹೊತ್ತ ಗಾಡಿಯಲ್ಲಿ ಅದು ಆಗದ ಮಾತು: ಬೆಳಗಾಗುವಷ್ಟರಲ್ಲಿ ಟ್ಯಾಂಕು ಬರಿದಾಗಿ, ಹೊಲಸು ನೀರಿನ ಟ್ಯಾಂಕು ತುಂಬಿರುತ್ತದೆ.

ಇನ್ನೊಂದು ಸಂಗತಿ ನಮ್ಮ ಬೇಸಿಗೆಯೇ ಕಲಿಸಿದೆ. ಏಪ್ರಿಲ್ ಮಧ್ಯಾಹ್ನ ಹೊಸಪೇಟೆಯ ಯಾವ ಮನೆಯಲ್ಲಾದರೂ ಬಚ್ಚಲ ನಲ್ಲಿ ತಿರುಗಿಸಿ ನೋಡಿ. ಮೊದಲು ಬರುವ ನೀರು ಕೈ ಸುಡುತ್ತದೆ, ಸ್ವಲ್ಪ ಹೊತ್ತಿಗೆ ತುಸು ತಣ್ಣಗಾಗುತ್ತದೆ. ಸುಡುವುದು ಬಿಸಿಲಿಗೆ ಬಿದ್ದ ಸಣ್ಣ ಪೈಪಿನ ನೀರು, ಅದರ ಹಿಂದೆ ಬರುವುದು ಟ್ಯಾಂಕಿನದು. ಸಣ್ಣ ಪೈಪು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಸೊನ್ನೆ ಡಿಗ್ರಿಗೆ ಇಳಿದ ನೂರು ಲೀಟರ್ ನೀರು ಪೂರ್ತಿ ಗಡ್ಡೆಯಾಗಬೇಕಾದರೆ ಒಂಬತ್ತು ಯೂನಿಟ್ ವಿದ್ಯುತ್ತಿಗೂ ಮಿಕ್ಕಿದ ಶಾಖ ಹೊರಹೋಗಬೇಕು. ಒಂದು ರಾತ್ರಿಯಲ್ಲಿ ಅಷ್ಟಾಗುವುದು ಕಷ್ಟ. ಅರ್ಧ ಇಂಚಿನ ಪೈಪಿನ ಒಂದು ಮೀಟರಿನಲ್ಲಿರುವುದು ಒಂದು ಲೋಟದಷ್ಟು ನೀರು. ಅದಕ್ಕೆ ಇಡೀ ರಾತ್ರಿ ಬೇಕಿಲ್ಲ. ಟ್ಯಾಂಕಿನಲ್ಲಿ ನೀರು ಕುಲುಕುತ್ತಿದೆ, ಆದ್ದರಿಂದ ಎಲ್ಲ ಸರಿಯಿದೆ ಎಂದು ಮಲಗಿದವರ ಪೈಪು ಬೆಳಗಾಗುವಷ್ಟರಲ್ಲಿ ಸೀಳಿರುವುದು ಹೀಗೆ. ಇದರಲ್ಲಿ ಇನ್ನೊಂದು ಕೇಡಿದೆ. ಹೆಪ್ಪುಗಟ್ಟಿರುವಾಗ ಸೀಳು ಕಾಣುವುದಿಲ್ಲ, ಗಡ್ಡೆಯೇ ಅದನ್ನು ಮುಚ್ಚಿಕೊಂಡಿರುತ್ತದೆ. ಬಿಸಿಲೇರಿ ಗಡ್ಡೆ ಕರಗಿ, ಪಂಪು ಹಾಕಿದ ಮೇಲೆ ಹಾಸಿಗೆಯ ಅಡಿಯಲ್ಲಿ, ಪ್ಲೈವುಡ್ಡಿನ ಒಳಗೆ, ವೈರಿಂಗಿನ ಮೇಲೆ ನೀರು ಹರಿಯುತ್ತದೆ.

ಹಂಪಿ, ಕಮಲಾಪುರದ ಕಡೆ ಚಳಿಗಾಲದಲ್ಲಿ ಹೊರದೇಶದ ನಂಬರಿನ ದೊಡ್ಡ ಮನೆಗಾಡಿಗಳು ಆಗಾಗ ಬಂದು ನಿಲ್ಲುತ್ತವೆ. ಯುರೋಪಿನಿಂದ ನೆಲದ ಮೇಲೆಯೇ ಬಂದಂಥವು. ಅಂಥ ಒಂದು ಗಾಡಿಯ ಅಡಿಭಾಗವನ್ನು ಬಗ್ಗಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಚಾಸಿಯ ಕೆಳಗೆ ನೀರಿನ ಪೈಪು ಒಂದೂ ಇಲ್ಲ. ಎಲ್ಲ ಗಾಡಿಯ ಒಳಗೆ, ಮಂಚದ ಅಡಿಯಲ್ಲಿ, ಹೀಟರಿನ ಗಾಳಿ ತಾಗುವ ಕಡೆ ಹಾಯ್ದಿವೆ. ಹೊರಗೆ ಕಂಡದ್ದು ಎರಡು ಸಣ್ಣ ತೂತಿನ ನಳಿಕೆ ಮಾತ್ರ. ಒಳಗೆ ಎರಡು ಹಿಡಿಕೆ ತಿರುಗಿಸಿದರೆ ತಣ್ಣೀರು ಬಿಸಿನೀರಿನ ಸಾಲುಗಳೆರಡೂ ಅಲ್ಲಿಂದ ಪೂರ್ತಿ ಸುರಿದುಹೋಗುತ್ತವೆ. ಇಡೀ ವ್ಯವಸ್ಥೆಯಲ್ಲಿ ಅತಿ ತಗ್ಗಿನ ಜಾಗ ಅದೇ. ಕಮಲಾಪುರದ ಕೆರೆಯ ಏರಿಯ ಮೇಲೆ ಓಡಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಹಿರಿಯರು ತೂಬು ಇಡದೆ ಕೆರೆ ಕಟ್ಟಿದವರಲ್ಲ. ನೀರು ತುಂಬಿಸುವ ದಾರಿಯಷ್ಟೇ ನೀರು ಬಿಡುವ ದಾರಿಯೂ ಮುಖ್ಯ ಎಂದು ಅವರಿಗೆ ಗೊತ್ತಿತ್ತು. ಗಾಡಿಯ ನೀರಿಗೂ ಒಂದು ತೂಬು ಬೇಕು.

ನಮ್ಮ ಊರಿನಲ್ಲಿ ಗಾಡಿಗೆ ಪೈಪು ಜೋಡಿಸುತ್ತಿದ್ದ ಹುಡುಗನ ಮುಂದೆ ಈ ಮಾತು ಎತ್ತಿದಾಗ ಅವನು, "ಟ್ಯಾಂಕಿಗೆ ಡ್ರೇನ್ ಕೊಟ್ಟೀನಲ್ರೀ ಸರ, ಮತ್ತ್ಯಾಕ ಇನ್ನೊಂದು?" ಎಂದ.

"ಅದು ಟ್ಯಾಂಕ್ ಅಷ್ಟ ಖಾಲಿ ಮಾಡ್ತದ ತಮ್ಮಾ. ಪಂಪಿನ ಆಚೀಗೆ ಪೈಪ್‌ನಾಗ ನಿಂತ ನೀರು ಎಲ್ಲಿಗೆ ಹೋಗಬೇಕು?"

ಅವನು ಪೈಪಿನ ಸಾಲನ್ನು ಕಣ್ಣಲ್ಲೇ ಅಳೆದು, ಸಿಂಕಿನ ಹಿಂದೆ ಹೊಟ್ಟೆ ಬಿಟ್ಟು ಜೋತಿದ್ದ ಪೈಪನ್ನು ಕ್ಲಾಂಪ್ ಹಾಕಿ ಎತ್ತಿ, ತಗ್ಗಿನ ತುದಿಯಲ್ಲಿ ಒಂದು ಟೀ, ಒಂದು ಬಾಲ್ ವಾಲ್ವ್ ಕೂರಿಸಿದ. ತಗುಲಿದ ಖರ್ಚು ತೀರ ಸಣ್ಣದು. ಗಾಡಿ ಕಟ್ಟಿಸುವಾಗ ಬಣ್ಣ, ಲೈಟು, ಪರದೆ ಎಂದು ಸಾವಿರಾರು ಸುರಿಯುತ್ತೇವೆ. ಈ ಒಂದು ವಾಲ್ವನ್ನು ಕೇಳಿ ಹಾಕಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಪೈಪಿನ ಸಾಲು ಅದರ ಕಡೆಗೆ ಇಳಿಜಾರಾಗಿರಲಿ, ನಡುವೆ ಎಲ್ಲೂ ಹಳ್ಳ ಬೀಳದಿರಲಿ.

ಇನ್ನು ಖಾಲಿ ಮಾಡುವ ಕೆಲಸ. ನಾಳೆ ರಾತ್ರಿ ಸೊನ್ನೆಯ ಕೆಳಗೆ ಹೋಗುವ ಊರಿಗೆ ಹತ್ತುತ್ತೇವೆ ಎಂದಾಗ, ಇಂದು ಬೆಟ್ಟದ ಬುಡದಲ್ಲೇ, ಬೆಳಕಿರುವಾಗಲೇ ಇದನ್ನು ಮುಗಿಸಬೇಕು. ಮೇಲೆ ಹೋಗಿ ಕೈಬೆರಳು ಮರಗಟ್ಟಿದ ಮೇಲೆ ಪ್ಲಗ್ ಬಿಚ್ಚಲು ಆಗುವುದಿಲ್ಲ. ಮೊದಲು ಗೀಸರಿನ ಸ್ವಿಚ್ ಆರಿಸಿ, ಒಳಗಿನ ನೀರು ತಣಿಯಲು ಬಿಡಿ. ನೀರಿಲ್ಲದ ಗೀಸರಿಗೆ ಕರೆಂಟು ಹೋದರೆ ಕಾಯಿಲ್ ಸುಟ್ಟುಹೋಗುತ್ತದೆ, ಆದ್ದರಿಂದ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸುವುದು ಒಳ್ಳೆಯದು. ಆಮೇಲೆ ಟ್ಯಾಂಕಿನ ನೀರು ಬಿಡಿ. ಎಲ್ಲ ನಲ್ಲಿಗಳನ್ನೂ ತೆರೆಯಿರಿ. ಬಿಸಿನೀರು ತಣ್ಣೀರು ಒಂದೇ ಹಿಡಿಕೆಯಲ್ಲಿ ಬರುವ ಮಿಕ್ಸರ್ ಇದ್ದರೆ ಹಿಡಿಕೆಯನ್ನು ನಟ್ಟನಡುವೆ ನಿಲ್ಲಿಸಿ, ಇಲ್ಲವಾದರೆ ಒಂದು ಸಾಲು ತುಂಬಿಯೇ ಉಳಿಯುತ್ತದೆ. ಕೈಶವರನ್ನು ಕೊಕ್ಕೆಯಿಂದ ತೆಗೆದು ಕೆಳಗೆ ಇಳಿಬಿಡಿ. ಗೀಸರಿನ ಡ್ರೇನ್ ಪ್ಲಗ್ ಬಿಚ್ಚಿ. ತಗ್ಗಿನ ವಾಲ್ವ್ ತೆರೆಯಿರಿ. 12 ವೋಲ್ಟಿನ ಡಯಾಫ್ರಾಮ್ ಪಂಪಾದರೆ ಕೆಲವು ಸೆಕೆಂಡು ಓಡಿಸಿ, ಅದರ ಹೊಟ್ಟೆಯಲ್ಲಿರುವ ನೀರು ಹೊರಬೀಳುತ್ತದೆ. ನೀರಿನಲ್ಲಿ ಮುಳುಗಿರುವ ಬಗೆಯ ಪಂಪನ್ನು ಮಾತ್ರ ಒಣಗಿಸಿ ಓಡಿಸಬೇಡಿ, ಕೆಡುತ್ತದೆ.

ಇಷ್ಟಾದರೂ ನೀರು ಕೆಲವು ಕಡೆ ಅಡಗಿ ಕೂರುತ್ತದೆ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇದೆಯಲ್ಲ, ಅದರ ಆಚೆಯ ನೀರು ಈಚೆಯ ಡ್ರೇನಿಗೆ ಬರುವುದಿಲ್ಲ. ಬಾಲ್ ವಾಲ್ವಿನದು ಇನ್ನೂ ಸೂಕ್ಷ್ಮ. ಅದರೊಳಗಿನ ಗುಂಡಿಗೆ ನಡುವೆ ತೂತಿರುತ್ತದೆ. ವಾಲ್ವನ್ನು ಪೂರ್ತಿ ಮುಚ್ಚಿದರೆ ಆ ತೂತಿನಲ್ಲಿ ತುಂಬಿದ ನೀರು ಎರಡೂ ಕಡೆಗೆ ದಾರಿಯಿಲ್ಲದೆ ಸಿಕ್ಕಿಕೊಳ್ಳುತ್ತದೆ. ಚಮಚದಷ್ಟು ನೀರು, ಆದರೂ ಹೆಪ್ಪುಗಟ್ಟಿದರೆ ವಾಲ್ವಿನ ಮೈ ಸೀಳುತ್ತದೆ. ಖಾಲಿ ಮಾಡಿದ ಮೇಲೆ ಅದರ ಹಿಡಿಕೆಯನ್ನು ಓರೆಯಾಗಿ, ಅರ್ಧ ತೆರೆದು ಬಿಡಬೇಕು. ಕುಡಿಯುವ ನೀರಿನ ಫಿಲ್ಟರನ್ನು ಬಿಚ್ಚಿ ನೀರು ಚೆಲ್ಲಿ, ಒಳಗಿನ ಕ್ಯಾಂಡಲನ್ನೋ ಆರ್‌ಒ ಪೊರೆಯನ್ನೋ ಚೀಲದಲ್ಲಿ ಸುತ್ತಿ ಮಲಗುವ ಜಾಗದಲ್ಲಿ ಬೆಚ್ಚಗೆ ಇಡಿ. ಅದು ಒಮ್ಮೆ ಹೆಪ್ಪುಗಟ್ಟಿದರೆ ಸೂಕ್ಷ್ಮ ರಂಧ್ರಗಳು ಹರಿದು, ನೋಡಲು ಚೆನ್ನಾಗಿಯೇ ಇದ್ದು, ಕೆಲಸಕ್ಕೆ ಬಾರದಂತಾಗುತ್ತದೆ.

ಉಳಿದ ನೀರನ್ನು ಗಾಳಿಯಿಂದ ಊದಿ ತೆಗೆಯಬಹುದು. ದಾರಿಯಲ್ಲಿ ಪಂಕ್ಚರ್ ಅಂಗಡಿಗಳಿಗೆ ಏನು ಬರ. ಒಂದು ಜೋಡಣೆ ಮೊದಲೇ ಮಾಡಿಸಿಟ್ಟುಕೊಂಡರೆ ಅಲ್ಲಿಯ ಗಾಳಿಯನ್ನೇ ಪೈಪಿಗೆ ಬಿಡಬಹುದು. 30 ಪಿಎಸ್‌ಐ ಮೀರದಂತೆ ನೋಡಿಕೊಳ್ಳಿ. ಲಾರಿ ಚಕ್ರಕ್ಕೆ ಬಿಡುವ ಒತ್ತಡವನ್ನು ಬಿಟ್ಟರೆ ಚಳಿ ಒಡೆಯಬೇಕಾದ್ದನ್ನು ನಾವೇ ಒಡೆದಂತಾಗುತ್ತದೆ. ಒಂದೊಂದೇ ನಲ್ಲಿಯನ್ನು ತೆರೆದು, ಹನಿ ನಿಂತು ಬರೀ ಗಾಳಿ ಬರುವವರೆಗೆ ಬಿಟ್ಟರೆ ಸಾಕು.

ಸಿಂಕಿನ ಕೆಳಗೆ ವಾಸನೆ ತಡೆಯಲು ಬಾಗಿಸಿದ ಪೈಪು ಇರುತ್ತದೆ. ಅದರ ಬಾಗಿನಲ್ಲಿ ನೀರು ನಿಲ್ಲಲೇಬೇಕು. ಅಲ್ಲಿಗೆ ಹೆಪ್ಪುಗಟ್ಟದ ದ್ರವ ಸುರಿಯುವುದುಂಟು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ಹಸಿರು, ಕೆಂಪು ಬಣ್ಣದ ರೇಡಿಯೇಟರ್ ಕೂಲಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್‌ನಿಂದ ಮಾಡಿದ್ದು. ಅದು ವಿಷ. ರುಚಿ ಸಿಹಿಯಾಗಿರುವುದರಿಂದ ಮಕ್ಕಳಿಗೂ ನಾಯಿಗಳಿಗೂ ಇನ್ನಷ್ಟು ಅಪಾಯ, ಮೂತ್ರಪಿಂಡ ಕೆಟ್ಟು ಜೀವ ಹೋಗುತ್ತದೆ. ಕುಡಿಯುವ ನೀರು ಹಾಯುವ ಪೈಪಿಗೆ, ಟ್ಯಾಂಕಿಗೆ ಅದನ್ನು ಯಾವ ಕಾರಣಕ್ಕೂ ಹಾಕಬಾರದು. ನೀರಿನ ಸಾಲಿಗೆಂದೇ ಬರುವುದು ಪ್ರೊಪಿಲೀನ್ ಗ್ಲೈಕಾಲ್, ಅದು ಬೇರೆ ವಸ್ತು. ಸಿಗದಿದ್ದರೆ ಖಾಲಿ ಮಾಡಿ ಊದಿದ ಪೈಪಿಗೆ ಏನೂ ಬೇಕಿಲ್ಲ. ಉಪ್ಪು ಹಾಕಿದರಾಯಿತು ಎನ್ನುವವರಿದ್ದಾರೆ. ಉಪ್ಪು ಪಂಪನ್ನೂ ಗೀಸರನ್ನೂ ತಿನ್ನುತ್ತದೆ.

ಆ ಕೂಲಂಟಿನ ಜಾಗ ಇಂಜಿನ್. ಅಲ್ಲಿ ಅದು ಇರಲೇಬೇಕು. ನಮ್ಮ ಬಿಸಿಲಿನಲ್ಲಿ ಅದಿರು ಲಾರಿಗಳ ಕಾಲದಿಂದಲೂ ರೇಡಿಯೇಟರಿಗೆ ಬರೀ ನೀರು ಹೊಯ್ಯುವ ಅಭ್ಯಾಸ ಬೆಳೆದುಬಂದಿದೆ. ಆ ನೀರು ಹೊತ್ತು ಲೇಹ್‌ಗೆ ಹೋದರೆ ಒಡೆಯುವುದು ಪೈಪಲ್ಲ, ಇಂಜಿನ್ ಬ್ಲಾಕು. ಕೂಲಂಟ್ ಮತ್ತು ನೀರು ಸಮಸಮ ಬೆರೆಸಿದರೆ ಮೈನಸ್ ಮೂವತ್ತರ ಆಚೆಗೂ ತಡೆಯುತ್ತದೆ. ಡೀಸೆಲ್ ಕೂಡ ಆ ಚಳಿಗೆ ಮೇಣ ಕಟ್ಟುತ್ತದೆ. ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಲಡಾಖಿಗೆಂದೇ ಮೈನಸ್ 33 ಡಿಗ್ರಿವರೆಗೆ ಹರಿಯುವ ಡೀಸೆಲ್ ತಂದಿದೆ. ಇಲ್ಲಿಯ ಡೀಸೆಲ್ ತೀರಿಸಿಕೊಂಡು ಅಲ್ಲಿ ತುಂಬಿಸಿಕೊಳ್ಳುವುದು ಜಾಣತನ.

ಪೈಪಿಗೆ ಫೋಮ್ ಸುತ್ತಿದ್ದೇವೆ, ಸಾಲದೇ ಎಂದು ಕೇಳುತ್ತಾರೆ. ಸುತ್ತಬೇಕು. ಆದರೆ ಫೋಮ್ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಬೇಗ ಹೋಗದಂತೆ ತಡೆಯುತ್ತದೆ ಅಷ್ಟೆ. ಮೈನಸ್ ಹತ್ತರಲ್ಲಿ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ಕೆಲವು ಗಂಟೆಯ ಗಡುವು ಕೊಡುತ್ತದೆ. ಒಳಗೆ ಹೀಟರ್ ಇದ್ದು, ಪೈಪು ಒಳಗೇ ಹಾಯ್ದಿದ್ದು, ಸಿಂಕಿನ ಕೆಳಗಿನ ಬಾಗಿಲನ್ನು ರಾತ್ರಿ ತೆರೆದಿಟ್ಟರೆ ಬೆಚ್ಚನೆಯ ಗಾಳಿ ಅಲ್ಲಿಗೂ ತಲುಪುತ್ತದೆ.

ಹೀಟರ್ ಇಲ್ಲ, ಒಲೆಯನ್ನೇ ಹಚ್ಚಿಟ್ಟು ಮಲಗೋಣ ಎನ್ನುವವರಿಗೆ ನಾನು ದಮ್ಮಯ್ಯ ಎನ್ನುತ್ತೇನೆ. ಮುಚ್ಚಿದ ಗಾಡಿಯಲ್ಲಿ ಗ್ಯಾಸ್ ಒಲೆ, ಇದ್ದಿಲ ಅಗ್ಗಿಷ್ಟಿಕೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಕೆಮ್ಮುವುದೂ ಇಲ್ಲ, ಏಳುವುದೂ ಇಲ್ಲ. ಪ್ರತಿ ಚಳಿಗಾಲವೂ ಉತ್ತರದಲ್ಲಿ ಇದರಿಂದ ಜೀವ ಹೋದ ಸುದ್ದಿ ಓದುತ್ತೇವೆ. ಗ್ಯಾಸ್ ಗೀಸರಿನದೂ ಇದೇ ಅಪಾಯ, ಅದನ್ನು ಗಾಡಿಯ ಒಳಗೆ ಕೂರಿಸಲೇಬೇಡಿ. ಪೈಪು ಒಡೆದರೆ ಹೊಸದು ಹಾಕಿಸಬಹುದು. ಅಡುಗೆ ಅನಿಲವೂ ಅಲ್ಲಿ ಕೈಕೊಡುತ್ತದೆ ಎಂಬುದನ್ನು ನೆನಪಿಡಿ. ಅದರಲ್ಲಿರುವ ಬ್ಯೂಟೇನ್ ಸೊನ್ನೆಯ ಹತ್ತಿರ ಬಂದಾಗ ಆವಿಯಾಗುವುದನ್ನು ನಿಲ್ಲಿಸುತ್ತದೆ, ಸಿಲಿಂಡರ್ ತುಂಬಿದ್ದರೂ ಉರಿ ಸಣ್ಣಗಾಗುತ್ತದೆ. ಲಿಥಿಯಂ ಬ್ಯಾಟರಿ ಇದ್ದರೆ ಸೊನ್ನೆಯ ಕೆಳಗೆ ಚಾರ್ಜಿಗೆ ಹಾಕಬೇಡಿ.

ಪೈಪೆಲ್ಲ ಖಾಲಿ ಮಾಡಿದ ಮೇಲೆ ನೀರಿಗೇನು ಗತಿ ಎಂದರೆ, ಕ್ಯಾನು ಮತ್ತು ಚೊಂಬು. ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಮುಕ್ಕಾಲು ತುಂಬಿಸಿ, ಹಿಗ್ಗಲು ಜಾಗ ಬಿಟ್ಟು, ಮಂಚದ ಪಕ್ಕ ಕಂಬಳಿ ಹೊದಿಸಿ ಇಡಿ. ರಾತ್ರಿಯೇ ಒಂದು ದೊಡ್ಡ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಟ್ಟರೆ ಬೆಳಗಿನ ಮುಖ ತೊಳೆಯುವುದಕ್ಕೂ ಚಹಾಕ್ಕೂ ಆಯಿತು. ಇದೇನು ಹಿಂದುಳಿದ ಏರ್ಪಾಡಲ್ಲ. ಲೇಹ್‌ನ ಎಷ್ಟೋ ಹೋಟೆಲುಗಳು ಚಳಿಗಾಲದಲ್ಲಿ ನೀರಿನ ಸಾಲನ್ನು ತಾವೇ ಬರಿದು ಮಾಡಿ, ಉಳಿದುಕೊಂಡವರಿಗೆ ಬಕೆಟಿನಲ್ಲಿ ಬಿಸಿನೀರು ಕೊಡುತ್ತವೆ. ಹುಟ್ಟಿನಿಂದ ಆ ಚಳಿಯಲ್ಲಿ ಬಾಳಿದವರ ತೀರ್ಮಾನ ಅದು. ಬಕೆಟ್ಟು ಚೊಂಬಿನಲ್ಲಿ ಮಿಂದು ಬೆಳೆದ ನಮಗೆ ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಗಬಾರದು. ಶವರ್ ಇಲ್ಲದೆ ಎರಡು ದಿನ ಕಳೆಯಲಾರೆವು ಎಂಬ ಹಟಕ್ಕೇ ಎಷ್ಟೋ ಗಾಡಿಗಳ ಪೈಪು ಒಡೆಯುವುದು.

ಅಷ್ಟರ ಮೇಲೂ ಪೈಪು ಕಟ್ಟಿಕೊಂಡಿತು ಎನ್ನಿ. ಮೊದಲು ಪಂಪಿನ ಸ್ವಿಚ್ ಆರಿಸಿ, ನಲ್ಲಿ ತೆರೆದಿಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಸುತ್ತುತ್ತಾ ಹೋಗಿ, ಕರಗಿದ ನೀರಿಗೆ ಹೊರಬರಲು ದಾರಿಯಿರುತ್ತದೆ. ಬೆಂಕಿ ಹಿಡಿಯಬೇಡಿ. ಪ್ಲಾಸ್ಟಿಕ್ ಕರಗುತ್ತದೆ, ಪ್ಲೈವುಡ್ಡಿಗೆ ಹತ್ತುತ್ತದೆ.

 

ಊರಿಗೆ ಮರಳಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಡ್ರೇನ್ ಪ್ಲಗ್‌ಗಳನ್ನು ಹೊಸ ವಾಷರ್ ಹಾಕಿ ಬಿಗಿದು, ಟ್ಯಾಂಕಿಗೆ ಸ್ವಲ್ಪವೇ ನೀರು ಹಾಕಿ, ಎಲ್ಲ ನಲ್ಲಿ ಮುಚ್ಚಿ ಪಂಪು ಹಾಕಿ. ಒತ್ತಡ ತುಂಬಿದ ಮೇಲೆ ಪಂಪು ತಾನಾಗಿ ನಿಲ್ಲಬೇಕು. ನಿಂತದ್ದು ಯಾರೂ ನಲ್ಲಿ ಮುಟ್ಟದೆ ಆಗಾಗ ಕೊಂಚ ಓಡಿ ನಿಲ್ಲುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಒಣ ಬಟ್ಟೆಯಿಂದ ಒಂದೊಂದೇ ಜೋಡಣೆಯನ್ನು ಒರೆಸಿ ನೋಡಿ. ಸೋರುವ ಜಾಗ ಸಿಗುವವರೆಗೆ ಹಾಸಿಗೆ, ಹಲಗೆಗಳನ್ನು ಮತ್ತೆ ಜೋಡಿಸಬೇಡಿ.